ಸಂಬಳ ಕೊಡ್ತೀರಿ, ಲೆಕ್ಕವನ್ನೂ ಕೊಡಿ: ಆಗ್ನೇಯ ಶಿಕ್ಷಕರ ಕ್ಷೇತ್ರದ ಎಂಎಲ್‌ಸಿಯವರಿಗೆ ಬಹಿರಂಗ ಪತ್ರ

ಮಾನ್ಯ ವಿಧಾನ ಪರಿಷತ್ ಸದಸ್ಯರೇ,

ನಮಸ್ಕಾರ. ನಾನು ತುಮಕೂರು ಜಿಲ್ಲೆಯವನು. ತಾಲ್ಲೂಕು ಯಾವುದು ಅಂತ ಬರೆಯುವುದಿಲ್ಲ. ಬರೆದರೆ ಕಚೇರಿ ಯಾವುದು ಅಂತ ಗೊತ್ತಾಗುತ್ತದೆ, ಆಮೇಲೆ ನನ್ನ ಹೆಂಡತಿಯ ಫೈಲು ಇನ್ನೂ ಅಡಿಗೆ ಹೋಗುತ್ತದೆ. ಆಕೆ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಟೀಚರ್. ಸರ್ಕಾರಿ ನೌಕರರು ಹೀಗೆಲ್ಲ ಬರೆದರೆ ನಡತೆ ನಿಯಮ ಅಡ್ಡ ಬರುತ್ತದೆ. ನನಗೆ ಆ ನಿಯಮ ಇಲ್ಲ. ನಂದು ಜೆರಾಕ್ಸ್ ಅಂಗಡಿ.

ಇನ್ನೊಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ದಾವಣಗೆರೆ ಕಡೆಯಿಂದ ಕೋಲಾರದವರೆಗೆ ನೀವು ಶಿಕ್ಷಕರ ಪ್ರತಿನಿಧಿ. ಆದರೆ ಒಂದನೇ ಕ್ಲಾಸಿನ ಮಕ್ಕಳ ಕೈ ಹಿಡಿದು ಅಕ್ಷರ ತಿದ್ದಿಸುವ ನನ್ನ ಹೆಂಡತಿಗೆ ನಿಮ್ಮ ಕ್ಷೇತ್ರದಲ್ಲಿ ಓಟಿಲ್ಲ. ಹೈಸ್ಕೂಲಿಗಿಂತ ಕೆಳಗೆ ಪಾಠ ಮಾಡುವವರನ್ನು ಸಂವಿಧಾನವೇ ಆ ಪಟ್ಟಿಯಿಂದ ಹೊರಗಿಟ್ಟಿದೆ. ಓಟಿಲ್ಲದವಳ ಗಂಡನ ಪತ್ರ ಅಂತ ಪಕ್ಕಕ್ಕೆ ಎತ್ತಿಡಬೇಡಿ.

ಬೇಡಿಕೆ ಒಂದೇ. ಪ್ರತಿ ತಿಂಗಳು ಸಂಬಳದ ಜೊತೆಗೇ, ಯಾರೂ ಕೇಳದೆ, ಪ್ರತಿ ಶಿಕ್ಷಕರಿಗೂ ಬಿಡಿಸಿ ಬರೆದ ಸಂಬಳದ ಚೀಟಿ ಕೊಡಿಸಿ. ಯಾವುದು ಎಷ್ಟು ಬಂತು, ಯಾವ ದರದಲ್ಲಿ ಬಂತು, ಏನು ಕಟ್ ಆಯ್ತು, ಕಟ್ ಆದದ್ದು ಎಲ್ಲಿ ಜಮಾ ಆಯ್ತು, ಬಾಕಿ ಏನಿದೆ, ಯಾಕಿದೆ. ಅಷ್ಟೇ.

ಆನ್‌ಲೈನ್‌ನಲ್ಲಿ ಸಿಗುತ್ತದಲ್ಲಪ್ಪಾ ಅಂತೀರೇನೋ. ಸರ್ಕಾರಿ ನೌಕರರ ಸಂಬಳದ ಲೆಕ್ಕ ಇಡುವ ಎಚ್‌ಆರ್‌ಎಂಎಸ್‌ ತಂತ್ರಾಂಶದ ಚೀಟಿ ನನಗೂ ಗೊತ್ತು, ದಿನಾ ಪ್ರಿಂಟ್ ತೆಗೆದುಕೊಡುವವನು ನಾನೇ. ಅದರಲ್ಲಿ ಅಂಕಿ ಇದೆ, ವಿವರ ಇಲ್ಲ. ಮೊನ್ನೆ ಒಬ್ಬರು ಮೇಷ್ಟ್ರು ಬ್ಯಾಂಕ್ ಸಾಲಕ್ಕೆ ಅಂತ ಪ್ರಿಂಟ್ ತೆಗೆಸಿದರು. ರಿಟೈರ್ ಆಗೋಕೆ ಹತ್ತಿರ ಇರುವವರು. ಚೀಟಿಯಲ್ಲಿ ಕೆಜಿಐಡಿ, ಅಂದರೆ ಸರ್ಕಾರಿ ವಿಮಾ ಇಲಾಖೆ, ಅಂತ ಮೂರು ಕಡೆ ಇತ್ತು. ಕನ್ನಡಕ ಹಣೆಗೇರಿಸಿ, ಒಂದೊಂದರ ಮೇಲೂ ಬೆರಳಿಟ್ಟು, ‘ಇದರಲ್ಲಿ ಪಾಲಿಸಿದು ಯಾವುದು, ಸಾಲದ್ದು ಯಾವುದು, ನೋಡಪ್ಪ’ ಅಂದರು. ಜೀವಮಾನವೆಲ್ಲ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟವರು ತಮ್ಮ ಸಂಬಳದ ಲೆಕ್ಕವನ್ನು ಜೆರಾಕ್ಸ್ ಅಂಗಡಿಯಲ್ಲಿ ಕೇಳಬೇಕು. ನಾನು ಪೆನ್ಸಿಲ್‌ನಲ್ಲಿ ಗುರುತು ಹಾಕಿಕೊಟ್ಟೆ. ಸರ್ಕಾರದ ಪರವಾಗಿ, ಪುಕ್ಕಟೆ.

ಊರವರ ಬಾಯಲ್ಲಿ ಒಂದೇ ಮಾತು. ‘ನಿಮಗೇನಪ್ಪ, ಮನೇಲಿ ಟೀಚರ್ ಇದಾರೆ, ಏಳನೇ ವೇತನ ಆಯೋಗ ಬೇರೆ ಬಂತು.’ ಬಂತು, ಸುಳ್ಳಲ್ಲ. 2024ರ ಆಗಸ್ಟ್ 1ರಿಂದ ಜಾರಿಯಾಯ್ತು. ಪೇಪರ್‌ಗಳಲ್ಲಿ 27.5% ಹೆಚ್ಚಳ ಅಂತ ದೊಡ್ಡಕ್ಷರದಲ್ಲಿ ಬಂತು. ಆದರೆ 2023ರ ಏಪ್ರಿಲ್‌ನಿಂದಲೇ 17% ಮಧ್ಯಂತರ ಪರಿಹಾರ ಕೈಗೆ ಬರುತ್ತಿತ್ತು, ಅದು ಈ 27.5ರೊಳಗೇ ಕರಗಿ ಹೋಯಿತು ಅಂತ ಯಾರೂ ಹೇಳಲಿಲ್ಲ. ಹಳ್ಳಿಯ ಮನೆ ಬಾಡಿಗೆ ಭತ್ಯೆ 8%ನಿಂದ 7.5%ಗೆ ಇಳಿದದ್ದನ್ನೂ ಹೇಳಲಿಲ್ಲ. 2022ರ ಜುಲೈನಿಂದಲೇ ಹೊಸ ವೇತನ ನಿಗದಿ ಮಾಡಿದರು, ಆದರೆ ಅದು ಕಾಗದದ ಮೇಲೆ. ದುಡ್ಡು ಸಿಕ್ಕಿದ್ದು ಎರಡು ವರ್ಷ ಬಿಟ್ಟು. ಇದೆಲ್ಲ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಆದರೆ ಟೀಚರ್‌ಗೆ ಗೊತ್ತಿಲ್ಲ, ಯಾಕೆಂದರೆ ಚೀಟಿಯಲ್ಲಿ ಇರಲ್ಲ.

ಇನ್ನು ಕಡಿತ. ಮೂಲ ವೇತನ 50,000 ಅಂತ ಇಟ್ಟುಕೊಳ್ಳಿ. ಹಳ್ಳಿ ಶಾಲೆಯಾದರೆ ಬಾಡಿಗೆ ಭತ್ಯೆ 3,750. ಆ ದುಡ್ಡಿಗೆ ನಮ್ಮ ಕಡೆ ಮನೆ ಸಿಗುತ್ತದೆ, ನೀರು ಬರುವ ಮನೆ ಸಿಗಲ್ಲ. ಮೂಲ ವೇತನಕ್ಕೆ ತುಟ್ಟಿಭತ್ಯೆ ಸೇರಿಸಿ, ಅದರ 10% ಎನ್‌ಪಿಎಸ್‌ಗೆ, ಅಂದರೆ ಹೊಸ ಪಿಂಚಣಿ ಯೋಜನೆಗೆ. ಐದು ಸಾವಿರದ ಮೇಲೇ ಹೋಯಿತು. 2006ರ ಏಪ್ರಿಲ್ ಆದಮೇಲೆ ಕೆಲಸಕ್ಕೆ ಸೇರಿದ ತಪ್ಪಿಗೆ ಇದು. ಆಮೇಲೆ ಕೆಜಿಐಡಿ, ಗುಂಪು ವಿಮೆ, ವೃತ್ತಿ ತೆರಿಗೆ 200. ಈಗ ನೌಕರರ ಚಿಕಿತ್ಸೆಯ ಯೋಜನೆ ಆರೋಗ್ಯ ಸಂಜೀವಿನಿಗೆ 350. ಕಟ್ ಮಾಡಬೇಡಿ ಅಂತ ನಾನು ಹೇಳುತ್ತಿಲ್ಲ. ಎನ್‌ಪಿಎಸ್‌ಗೆ ಸರ್ಕಾರ ತನ್ನ ಪಾಲು 14% ಹಾಕುತ್ತದೆ ಅಂತೀರಲ್ಲ, ಈ ತಿಂಗಳು ಹಾಕಿದ್ದೀರಾ ಅಂತ ಅದೇ ಚೀಟಿಯಲ್ಲಿ ತೋರಿಸಿ ಅಂತಿದ್ದೀನಿ.

ಈಗ ನಮ್ಮ ಮನೆ ಕಥೆ. ಸ್ವಲ್ಪ ಉದ್ದ ಇದೆ, ಸಹಿಸಿಕೊಳ್ಳಿ.

15 ವರ್ಷ ಸೇವೆ ಮುಗಿಸಿದವರಿಗೆ ಒಂದು ವೇತನ ಬಡ್ತಿ ಸಿಗುತ್ತದೆ. ನನ್ನ ಹೆಂಡತಿಯದ್ದು ಲೇಟಾಗಿ ಮಂಜೂರಾಯ್ತು, ಯಾಕೆಂದರೆ ಸೇವಾ ಪುಸ್ತಕ ಯಾವ ಬೀರುವಿನಲ್ಲಿದೆ ಅಂತ ಕಚೇರಿಯವರಿಗೇ ಗೊತ್ತಿರಲಿಲ್ಲ. ಕೊನೆಗೆ ಸಿಕ್ಕಿತು. ಹಿಂಬಾಕಿ ಬಿಲ್ ಮಾಡಿದರು, ಖಜಾನೆಗೆ ಕಳಿಸಿದರು. ಖಜಾನೆಯವರು ಆಕ್ಷೇಪಣೆ ಹಾಕಿ ವಾಪಸ್ ಕಳಿಸಿದರು. ಇಲ್ಲಿಯವರೆಗೂ ಮಾಮೂಲಿ, ಅಲ್ವಾ?

2024ರ ಫೆಬ್ರವರಿ ಸಂಬಳ ಬಂದಾಗ ಮೆಸೇಜ್ ನೋಡಿ ಆಕೆ ಫೋನನ್ನು ನನ್ನ ಕೈಗೆ ಕೊಟ್ಟಳು. ಅರ್ಧ ಸಂಬಳವೂ ಇರಲಿಲ್ಲ. ಕಚೇರಿಗೆ ಹೋಗಿ ವಿಚಾರಿಸಿದರೆ, ಆದಾಯ ತೆರಿಗೆ ಅಂದರು. ವಾಪಸ್ ಬಂದ ಆ ಹಿಂಬಾಕಿ ಬಿಲ್ಲನ್ನೂ ಕೈಗೆ ಬಂದ ಆದಾಯ ಅಂತ ಸೇರಿಸಿಬಿಟ್ಟಿದ್ದರು. ಆಗ ರಿಯಾಯಿತಿ ಇದ್ದದ್ದು ಏಳು ಲಕ್ಷದವರೆಗೆ. ಬಾರದ ದುಡ್ಡು ಸೇರಿದ್ದಕ್ಕೆ ಆ ಗೆರೆ ದಾಟಿತು, ತೆರಿಗೆ ಬಿತ್ತು. ‘ಮೇಡಂ, ಹೆಂಗಿದ್ರೂ ಮಾರ್ಚ್‌ನಲ್ಲಿ ಬರುತ್ತಲ್ಲ, ಅದಕ್ಕೇ ಹಿಡಿದಿದ್ದೀವಿ’ ಅಂದರು ಅಲ್ಲಿನವರು. ಎಂಥ ಮುಂದಾಲೋಚನೆ! ಮಾರ್ಚ್ 31 ಕಳೆಯಿತು. ಏಪ್ರಿಲ್‌ನಲ್ಲಿ ಕೇಳಿದರೆ, ಅನುದಾನ ಇಲ್ಲ. ವರ್ಷದ ಸಂಬಳ, ಹಿಡಿದ ತೆರಿಗೆ ತೋರಿಸುವ ಫಾರಂ 16 ಕೊಟ್ಟರು, ಅದರಲ್ಲಿ ಹಿಂಬಾಕಿ ಪಾವತಿಯಾಗಿದೆ ಅಂತಲೇ ಇದೆ. ತಿದ್ದಿ ಕೊಡಿ ಅಂದರೆ, ನೋಡೋಣ. ಇವತ್ತಿಗೂ ಆ ನೋಡೋಣವೇ ನಡೆದಿದೆ.

ಆ ತಿಂಗಳು ಮಗಳ ಕಾಲೇಜು ಫೀಸು ಕಟ್ಟಬೇಕಿತ್ತು. ಹೆಂಡತಿ ಎರಡು ಬಳೆ ಬಿಚ್ಚಿಕೊಟ್ಟಳು, ಅಡ ಇಟ್ಟು ಬಂದೆ. ಸರ್ಕಾರ ಕೊಡದ ದುಡ್ಡಿಗೆ ಸರ್ಕಾರಕ್ಕೆ ತೆರಿಗೆ ಕಟ್ಟಿ, ಅದರಿಂದಾದ ಸಾಲಕ್ಕೆ ನಾವು ಬಡ್ಡಿ ಕಟ್ಟಿದೆವು. ಆಕೆ ‘ಬಿಡ್ರೀ, ಅವರ ಹತ್ರ ಯಾಕೆ ಜಗಳ’ ಅಂತಾಳೆ. ನನಗೆ ಬಿಡೋಕೆ ಆಗ್ತಿಲ್ಲ ಸ್ವಾಮಿ.

ಆ ತಿಂಗಳು ಬಿಡಿಸಿ ಬರೆದ ಚೀಟಿ ಒಂದು ಕೈಯಲ್ಲಿ ಇದ್ದಿದ್ದರೆ? ‘ಹಿಂಬಾಕಿ: ಪಾವತಿಯಾಗಿಲ್ಲ, ಖಜಾನೆಯಿಂದ ವಾಪಸ್’ ಅಂತ ಒಂದು ಸಾಲು ಇದ್ದಿದ್ದರೆ, ಅದನ್ನೇ ಹಿಡಿದು ತೆರಿಗೆ ಇಲಾಖೆಯವರ ಮುಂದೆ ನಿಲ್ಲಬಹುದಿತ್ತು. ಈಗ ನಮ್ಮ ಹತ್ತಿರ ಇರುವುದು ಬಾಯಿಮಾತು.

ಇದು ನಮ್ಮೊಬ್ಬರ ಮನೆಯ ಕಥೆ ಅಂದುಕೊಳ್ಳಬೇಡಿ. ಫೆಬ್ರವರಿ ಬಂತೆಂದರೆ ನನ್ನ ಅಂಗಡಿ ಮುಂದೆ ಟೀಚರ್‌ಗಳು ಕಾಗದ ಹಿಡಿದು ನಿಂತಿರುತ್ತಾರೆ. ಅತಿಥಿ ಶಿಕ್ಷಕರ ಪಾಡಂತೂ ಬೇರೆ ಪತ್ರಕ್ಕೇ ಆಗುವಷ್ಟಿದೆ. 2025ರ ಬಜೆಟ್‌ನಲ್ಲಿ ಗೌರವಧನಕ್ಕೆ 2,000 ಸೇರಿಸಿದರು, ಅದು ಯಾವ ತಿಂಗಳಿನದು ಯಾವಾಗ ಬರುತ್ತದೆ ಅಂತ ಅವರೂ ನನ್ನನ್ನೇ ಕೇಳುತ್ತಾರೆ.

ಹೊಸ ಯೋಜನೆ ಬೇಡ, ಸಮಿತಿ ಬೇಡ. ಲೆಕ್ಕವೆಲ್ಲ ನಿಮ್ಮ ಕಂಪ್ಯೂಟರ್‌ನಲ್ಲಿ ಆಗಲೇ ಇದೆ. ಕಟ್ ಮಾಡೋಕೆ ಬರುವ ಕಂಪ್ಯೂಟರ್‌ಗೆ ಯಾಕೆ ಕಟ್ ಆಯ್ತು ಅಂತ ಬರೆಯೋಕೆ ಬರಲ್ವಾ? ಚೀಟಿ ಕೊಡಿಸಿ. ಕನ್ನಡದಲ್ಲಿ ಕೊಡಿಸಿ. ಬಾಕಿಯನ್ನೂ ಅದರಲ್ಲೇ ಬರೆಸಿ.

ಮುಂದಿನ ಅಧಿವೇಶನದಲ್ಲಿ ಚುಕ್ಕೆ ಗುರುತಿನ ಪ್ರಶ್ನೆಯಾಗಿ, ಅಂದರೆ ಮಂತ್ರಿಗಳು ಸದನದಲ್ಲೇ ಬಾಯಿಬಿಟ್ಟು ಉತ್ತರಿಸಬೇಕಾದ ಪ್ರಶ್ನೆಯಾಗಿ, ಇದನ್ನು ಕೇಳಿ: ತುಮಕೂರು ಜಿಲ್ಲೆಯಲ್ಲಿ ಎಷ್ಟು ಶಿಕ್ಷಕರ ಹಿಂಬಾಕಿ ಬಿಲ್‌ಗಳು ಬಾಕಿ ಇವೆ, ಅದರಲ್ಲಿ ಎಷ್ಟಕ್ಕೆ ಮೊದಲೇ ತೆರಿಗೆ ಹಿಡಿದಿದ್ದೀರಿ? ಮಂತ್ರಿಗಳು ಕೊಟ್ಟ ಉತ್ತರದ ಒಂದು ಪ್ರತಿ ನನಗೆ ಕಳಿಸಿ. ಉಳಿದವರಿಗೆ ನಾನೇ ಜೆರಾಕ್ಸ್ ಮಾಡಿ ಹಂಚುತ್ತೇನೆ.

ಇಂತಿ,
ಒಬ್ಬ ಪ್ರಾಥಮಿಕ ಶಾಲಾ ಶಿಕ್ಷಕಿಯ ಗಂಡ,
ತುಮಕೂರು ಜಿಲ್ಲೆ