ಅಜ್ಜಿಗೆ ಕೇಳಿಸುತ್ತಿತ್ತಾ, ಅಮ್ಮಾ?

ಟೂಸಾನ್, ಅರಿಜೋನಾ
ಗುರುವಾರ ರಾತ್ರಿ

ಪ್ರೀತಿಯ ಅಮ್ಮಾ,

ನಾನು ಚೆನ್ನಾಗಿದ್ದೇನೆ. ಇಲ್ಲಿ ರಾತ್ರಿ 9 ಗಂಟೆ. ಬೆಂಗಳೂರಲ್ಲಿ ಆಗಲೇ ಶುಕ್ರವಾರ ಬೆಳಗ್ಗೆ 9.30. ನಿನ್ನ ಎರಡನೇ ಕಾಫಿ ಹೊತ್ತು, ಅಲ್ವಾ? ಇಲ್ಲಿ ಸುತ್ತಲೂ ಮರಳುಗಾಡು, ಮನೆಗಿಂತ ಎತ್ತರದ ಕಳ್ಳಿಗಳು. ಊಟ ಸಪ್ಪೆ. ನೀನು ಕಟ್ಟಿಕೊಟ್ಟ ಚಟ್ನಿಪುಡಿ ಅರ್ಧ ಮುಗಿದಿದೆ.

ಅದೇನು ಸಮ್ಮೇಳನ ಅಂತ ನೀನು ಫೋನಲ್ಲಿ ಕೇಳಿದ್ದೆ. ನಮಗೆ ಎಚ್ಚರ, ಅರಿವು ಅಂತ ಒಂದಿದೆಯಲ್ಲ, ಅದು ಮಿದುಳಿನಿಂದ ಹೇಗೆ ಬರುತ್ತದೆ ಅನ್ನೋದೇ ಇಲ್ಲಿನ ವಿಷಯ. 1994ರಲ್ಲಿ ಇದೇ ಊರಲ್ಲಿ ಮೊದಲ ಸಲ ಸೇರಿದ್ದರು. ಮಿದುಳಿನ ಕೆಲಸ ಪೂರ್ತಿ ಗೊತ್ತಾದರೂ, ಕಾಫಿ ಘಮ ನಮಗೆ ಹಿತ ಅನಿಸುವುದೇಕೆ ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ ಅಂತ ಡೇವಿಡ್ ಚಾಮರ್ಸ್ ಎಂಬ ತತ್ವಜ್ಞಾನಿ ಅಂದು ವಾದಿಸಿದರು. 1998ರಲ್ಲಿ ಕ್ರಿಸ್ಟೋಫ್ ಕಾಖ್ ಎಂಬ ವಿಜ್ಞಾನಿ, ಮಿದುಳಲ್ಲಿ ಅರಿವಿನ ಗುರುತು 25 ವರ್ಷದೊಳಗೆ ಸಿಗುತ್ತದೆ ಅಂತ ಅವರ ಜೊತೆ ಪಂದ್ಯ ಕಟ್ಟಿದರು. 2023ರಲ್ಲಿ ಸೋಲೊಪ್ಪಿಕೊಂಡು ವೈನ್ ಕೊಟ್ಟರು.

ಆದರೆ ನಿನಗೆ ಬರೆಯಬೇಕು ಅನಿಸಿದ್ದು ಇವತ್ತು ಮಧ್ಯಾಹ್ನ ಕೇಳಿದ ಮಾತಿಗೆ. ಅಪಘಾತವಾಗಿ ಐದು ತಿಂಗಳಿಂದ ಏನೂ ಸ್ಪಂದಿಸದೆ ಮಲಗಿದ್ದ 23 ವರ್ಷದ ಹುಡುಗಿ. ಏಡ್ರಿಯನ್ ಓವೆನ್ ಎಂಬ ಮಿದುಳು ವಿಜ್ಞಾನಿಯ ತಂಡದವರು ಅವಳನ್ನು ಸ್ಕ್ಯಾನರಿನಲ್ಲಿ ಮಲಗಿಸಿ, ಟೆನಿಸ್ ಆಡುತ್ತಿದ್ದೀಯ ಅಂದುಕೋ ಅಂದರು. ಆಮೇಲೆ, ನಿನ್ನ ಮನೆಯ ಒಂದೊಂದೇ ಕೋಣೆಗೆ ಹೋಗಿ ಬಾ ಅಂದರು. ಅವಳ ಮಿದುಳು ಎಚ್ಚರವಿರುವವರ ಮಿದುಳಿನ ಹಾಗೇ ಎರಡಕ್ಕೂ ಬೇರೆ ಬೇರೆಯಾಗಿ ಸ್ಪಂದಿಸಿತು. ಇದು 2006ರ ಮಾತು. 2024ರಲ್ಲಿ ಬಂದ ದೊಡ್ಡ ಅಧ್ಯಯನದಲ್ಲಿ, ಹೇಳಿದ ಮಾತಿಗೆ ಕೈಕಾಲು ಆಡಿಸದ 241 ಜನರಲ್ಲಿ 60 ಜನರ ಮಿದುಳು ಹೀಗೆ ಒಳಗಿಂದ ಉತ್ತರ ಕೊಟ್ಟಿತ್ತು. ನಾಲ್ಕರಲ್ಲಿ ಒಬ್ಬರು.

ಅಮ್ಮಾ, ನಾನು ಅಲ್ಲೇ ಕೂತು ಅತ್ತೆ.

ಅಜ್ಜಿ ಹಾಸಿಗೆ ಹಿಡಿದ ಆ ಹತ್ತೊಂಬತ್ತು ದಿನ ನೀನು ಒಂದು ದಿನವೂ ಬಿಡದೆ ಮಾತಾಡಿದೆ. ಪಾದಕ್ಕೆ ಕೊಬ್ಬರಿ ಎಣ್ಣೆ ಹಚ್ಚುತ್ತಾ ಗಾಂಧಿ ಬಜಾರಿನ ಅವರೆಕಾಯಿ ಬೆಲೆ ಹೇಳಿದೆ. ಹಾಲು ಉಕ್ಕಿದ್ದು, ಪಕ್ಕದ ಮನೆಯ ಮದುವೆ, ಎಲ್ಲಾ ಹೇಳಿದೆ. ನಾನು ಓದಿದವಳು ಅನ್ನೋ ಗತ್ತಿನಲ್ಲಿ, 'ಅವರಿಗೆ ಏನೂ ಕೇಳಿಸಲ್ಲ, ಸುಮ್ನೆ ಯಾಕೆ ಸುಸ್ತಾಗ್ತೀಯ' ಅಂದೆ. ಡಾಕ್ಟರೂ ಹಾಗೇ ಅಂದಿದ್ದರು. ನೀನು ಉತ್ತರ ಕೊಡಲಿಲ್ಲ. ಎಣ್ಣೆ ಬಟ್ಟಲನ್ನು ಇನ್ನಷ್ಟು ಹತ್ತಿರ ಎಳೆದುಕೊಂಡೆ.

ಅಜ್ಜಿಗೆ ಖಂಡಿತ ಕೇಳಿಸುತ್ತಿತ್ತು ಅಂತ ನಾನು ಹೇಳಲಾರೆ. ಆ ನಾಲ್ವರಲ್ಲಿ ಉಳಿದ ಮೂವರೂ ಇದ್ದಾರಲ್ಲ. ಆದರೆ ಕೇಳಿಸಲ್ಲ ಅಂತ ಹೇಳಲು ನನ್ನ ಬಳಿ ಅವತ್ತು ಏನೂ ಇರಲಿಲ್ಲ. ಅದು ತಪ್ಪು. ಕ್ಷಮಿಸಮ್ಮಾ.

ಕೋಣೆಗೆ ಬಂದ ಮೇಲೆ ಕಣ್ಣು ಮುಚ್ಚಿ ನಮ್ಮ ಮನೆ ಸುತ್ತಿದೆ. ಜಗಲಿ, ಕೆಂಪು ಗಾರೆಯ ನಡುಮನೆ, ದೇವರ ಕೋಣೆ, ಅಡುಗೆಮನೆ. ಅಜ್ಜಿಯಾಗಿದ್ದರೆ ಮೊದಲು ಹಿತ್ತಲಿನ ಕರಿಬೇವಿನ ಗಿಡಕ್ಕೆ ಹೋಗಿರುತ್ತಿದ್ದರು ಅನಿಸಿತು.

ಕೊನೆಯ ದಿನ ನೀನು ಅಜ್ಜಿಯ ಕಿವಿಯ ಹತ್ತಿರ ಬಗ್ಗಿ ಏನೋ ಹೇಳಿದೆ. ನಾನು ಬಾಗಿಲಲ್ಲೇ ನಿಂತಿದ್ದೆ, ಕೇಳಿಸಲಿಲ್ಲ. ಭಾನುವಾರ ಫೋನ್ ಮಾಡುತ್ತೇನೆ. ಏನಂದೆ ಅಂತ ಹೇಳ್ತೀಯಾ?

ಅಪ್ಪನಿಗೆ ನಮಸ್ಕಾರ.

ನಿನ್ನ ಮಗಳು