ಮಟ್ಟುಗುಳ್ಳ ಕುಕ್ಕರಿಗೆ ಹಾಕುವ ತರಕಾರಿಯಲ್ಲ

ಮಾನ್ಯ ಸಂಪಾದಕರೇ,

ಉಡುಪಿ ಜಿಲ್ಲೆಯ ಕಟಪಾಡಿ ಬಳಿಯ ಮಟ್ಟು ಗ್ರಾಮದ ಗುಳ್ಳಕ್ಕೆ, ಅಂದರೆ ಅಲ್ಲಿನ ಗುಂಡು ಬದನೆಗೆ, 2011ರಲ್ಲಿ ಭೌಗೋಳಿಕ ಸೂಚಿಕೆಯ (ಜಿ.ಐ.) ಮಾನ್ಯತೆ ಸಿಕ್ಕಿದೆ. ಈಗ ದೂರದ ಪೇಟೆಗಳಲ್ಲೂ ಅದು ಸಿಗುತ್ತದೆ. ಆದರೆ ಮೊದಲ ಸಲ ಕೊಂಡವರಲ್ಲಿ ಹಲವರು ‘ಬೆಂದು ಗಂಜಿಯಾಯಿತು, ಇದರಲ್ಲೇನಿದೆ ವಿಶೇಷ’ ಎನ್ನುತ್ತಾರೆ. ಹಾಗಾಗಲು ಬಹುಮಟ್ಟಿಗೆ ಕುಕ್ಕರೇ ಕಾರಣ. ಈ ಗುಳ್ಳದ ಸಿಪ್ಪೆ ತೀರಾ ತೆಳು, ತಿರುಳು ಮೃದು. ಒಂದೇ ಸೀಟಿಗೆ ಕರಗಿಹೋಗುತ್ತದೆ.

ಆರಿಸುವಾಗ ಗುಂಡಗಿನ, ತಿಳಿಹಸಿರು ಮೈಮೇಲೆ ಬಿಳಿ ಗೀರುಗಳಿರುವ, ಹೊಳಪು ಮಾಸದ ಕಾಯಿ ನೋಡಿ. ತೊಟ್ಟಿನಲ್ಲಿ ಸಣ್ಣ ಮುಳ್ಳುಗಳಿರುತ್ತವೆ, ಜೋಪಾನ. ಹಳದಿ ತಿರುಗಿದ್ದರೆ ಬಲಿತಿದೆ ಎಂದರ್ಥ. ಬೀಜ ಗಟ್ಟಿಯಾಗಿ ರುಚಿ ಕೆಟ್ಟಿರುತ್ತದೆ. ಫ್ರಿಜ್ಜಿನ ತಂಪು ಬದನೆ ಜಾತಿಗೆ ಆಗದು. ಸಿಪ್ಪೆಯಲ್ಲಿ ಗುಳಿ ಬಿದ್ದು ಒಳಗಿನ ಬೀಜ ಕಪ್ಪಾಗುತ್ತದೆ. ಬುಟ್ಟಿಯಲ್ಲಿಟ್ಟು ಎರಡು ಮೂರು ದಿನದೊಳಗೆ ಬಳಸುವುದೇ ಒಳ್ಳೆಯದು.

ಅದರ ರುಚಿ ತಿಳಿಯಬೇಕಾದರೆ ತೆಂಗಿನಕಾಯಿ, ಮಸಾಲೆ ಯಾವುದೂ ಇಲ್ಲದ ಬೋಳುಹುಳಿಯನ್ನೇ ಮೊದಲು ಮಾಡಿ. ಅರ್ಧ ಕಿಲೋ ಗುಳ್ಳಕ್ಕೆ ಮುಕ್ಕಾಲು ಕಪ್ ತೊಗರಿಬೇಳೆ ಸಾಕು. ಬೇಳೆಯನ್ನು ಬೇರೆಯಾಗಿ ನುಣ್ಣಗೆ ಬೇಯಿಸಿಟ್ಟುಕೊಳ್ಳಿ; ಅದಕ್ಕೆ ಕುಕ್ಕರ್ ಆಗಬಹುದು. ಗುಳ್ಳದ ಸಿಪ್ಪೆ ತೆಗೆಯಬೇಡಿ. ಹೆಬ್ಬೆರಳಿನಷ್ಟು ದಪ್ಪದ ಹೋಳು ಮಾಡಿ, ಹೆಚ್ಚಿದ ಕೂಡಲೇ ಉಪ್ಪುನೀರಿನಲ್ಲಿ ಮುಳುಗಿಸಿ. ಗಾಳಿ ತಗಲಿದರೆ ತಿರುಳು ಕಂದುಗಟ್ಟಿ ಸಾರಿನ ಬಣ್ಣವೂ ಕೆಡುತ್ತದೆ.

ಸಣ್ಣ ನಿಂಬೆ ಗಾತ್ರದ ಹುಣಸೆಹಣ್ಣನ್ನು ಎರಡು ಕಪ್ ನೀರಿನಲ್ಲಿ ಕಿವುಚಿ, ಸೀಳಿದ ನಾಲ್ಕು ಹಸಿಮೆಣಸು, ಕಾಲು ಚಮಚ ಅರಿಶಿನ, ಉಪ್ಪು, ಚೂರು ಬೆಲ್ಲ ಹಾಕಿ ಕುದಿಸಿ. ಹೋಳುಗಳನ್ನು ಹಾಕಬೇಕಾದುದು ಈ ಕುದಿಯುವ ರಸಕ್ಕೇ. ಹುಳಿಯಿದ್ದಲ್ಲಿ ತರಕಾರಿ ನಿಧಾನ ಮೆತ್ತಗಾಗುವುದರಿಂದ ಹೋಳು ಒಡೆಯದೆ ನಿಲ್ಲುತ್ತದೆ. ಬರೀ ನೀರಿನಲ್ಲಿ ಬೇಯಿಸಿ ಕೊನೆಗೆ ಹುಳಿ ಹಿಂಡಿದರೆ ಅಷ್ಟರಲ್ಲೇ ಒಡೆದಿರುತ್ತದೆ. ಮಧ್ಯಮ ಉರಿಯಲ್ಲಿ ಆರೇಳು ನಿಮಿಷ. ಸೌಟಿನಿಂದ ಕಲಕದೆ ಪಾತ್ರೆಯನ್ನೇ ಮೆಲ್ಲಗೆ ಅಲುಗಾಡಿಸಿ. ಕಡ್ಡಿ ಚುಚ್ಚಿದಾಗ ನಡುವಿನಲ್ಲಿ ತುಸು ಬಿಗಿ ಇರುವಾಗಲೇ ಬೇಳೆ ಸೇರಿಸಿ, ಒಂದು ಕುದಿ ಬಂದರೆ ಇಳಿಸಿ. ಉಳಿದದ್ದು ಬಿಸಿಯಲ್ಲೇ ಬೇಯುತ್ತದೆ. ತೆಂಗಿನೆಣ್ಣೆಯಲ್ಲಿ ಸಾಸಿವೆ, ಒಣಮೆಣಸು, ಇಂಗು, ಕರಿಬೇವಿನ ಒಗ್ಗರಣೆ ಕೊಡಿ.

ಇನ್ನೊಂದು ಮಾತು. ಮಟ್ಟುವಿನಲ್ಲಿ ಮಳೆಗಾಲದ ಭತ್ತ ಕೊಯ್ದ ಗದ್ದೆಯಲ್ಲೇ ಗುಳ್ಳ ನೆಡುತ್ತಾರೆ. ಹಾಗಾಗಿ ಜಡಿಮಳೆಯ ದಿನಗಳಲ್ಲಿ ಆ ಹೆಸರಿನಲ್ಲಿ ಸಿಗುವ ಹಸಿರು ಬದನೆಯನ್ನು ವಿಚಾರಿಸಿಯೇ ಕೊಳ್ಳಬೇಕು. ಹೋಲುವ ತಳಿಗಳು ಹಲವಿವೆ, ಅವುಗಳ ಸಿಪ್ಪೆ ದಪ್ಪ. ಹೆಸರು ಒಂದೇ ಎಂದು ಮಾರಿದರೆ ನಷ್ಟ ಮಟ್ಟುವಿನ ಬೆಳೆಗಾರರಿಗೆ. ತಮ್ಮ ಪತ್ರಿಕೆಯ ಮಾರುಕಟ್ಟೆ ಧಾರಣೆಯಲ್ಲಿ ಮಟ್ಟುಗುಳ್ಳವನ್ನು ‘ಬದನೆ’ಯ ಸಾಲಿಗೆ ಸೇರಿಸದೆ, ಅದರ ಹಂಗಾಮಿನಲ್ಲಿ ಬೇರೆಯಾಗಿ ಪ್ರಕಟಿಸಬೇಕೆಂದು ಕೋರುತ್ತೇವೆ.

– ಓದುಗರು, ಉಡುಪಿ