ಗುರಿ ಅಭ್ಯಾಸಕ್ಕೆ ಬರುವವರ ಗಮನಕ್ಕೆ: ಕಿವಿಯ ರಕ್ಷಣೆ

ಸದಸ್ಯರಿಗೆ ನಮಸ್ಕಾರ. ಭಾನುವಾರ ಚಿಕ್ಕಮಗಳೂರಿನ ಗುರಿ ಅಭ್ಯಾಸಕ್ಕೆ ದಯವಿಟ್ಟು ಕಿವಿಗೆ ಹತ್ತಿ ತುರುಕಿಕೊಂಡು ಬರಬೇಡಿ. ಕೋವಿಯ ಒಂದೇ ಈಡಿನ ಸದ್ದು 140 ಡೆಸಿಬಲ್ ದಾಟುತ್ತದೆ, ಅದಕ್ಕೆ ಹತ್ತಿ ಸಾಲದು. ಹಾಳಾದ ಕಿವಿಯ ನರ ಮತ್ತೆ ಚಿಗುರುವುದಿಲ್ಲ.

ಎಲೆಕ್ಟ್ರಾನಿಕ್ ಇಯರ್‌ಮಫ್ (ಎರಡೂ ಕಿವಿ ಮುಚ್ಚುವ ಮೆತ್ತೆಯ ಸಾಧನ) ಕೊಳ್ಳುವವರು ಮೊದಲು ಎನ್‌ಆರ್‌ಆರ್ ಅಂಕಿ, ಅಂದರೆ ಸದ್ದು ತಗ್ಗಿಸುವ ಸಾಮರ್ಥ್ಯದ ಅಳತೆ, ನೋಡಿ. 22ಕ್ಕಿಂತ ಕಡಿಮೆ ಇದ್ದರೆ ನಾನಂತೂ ಕೊಳ್ಳುವುದಿಲ್ಲ. ಅದರ ಮೈಕ್ ಮೆಲುಮಾತನ್ನು ಹಿಗ್ಗಿಸಿ ಕೇಳಿಸುತ್ತದೆ, ಈಡು ಹಾರಿದೊಡನೆ ಹಿಗ್ಗಿಸುವುದನ್ನು ನಿಲ್ಲಿಸುತ್ತದೆ. ‘ಗುಂಡು ಹಾರಿಸುವುದನ್ನು ನಿಲ್ಲಿಸಿ’ ಎಂಬ ಕೂಗು ಪಕ್ಕದವರಿಗೆ ಕೇಳಿಸುವುದು ಜೀವದ ಪ್ರಶ್ನೆ. ಕನ್ನಡಕದ ಕಡ್ಡಿ ದಪ್ಪವಿದ್ದರೆ ಮೆತ್ತೆಯ ಅಂಚಿನಲ್ಲಿ ಸಂದು ಬಿದ್ದು ಸದ್ದು ಒಳನುಗ್ಗುತ್ತದೆ. ಕನ್ನಡಕ ಹಾಕಿಕೊಂಡೇ ಪರೀಕ್ಷಿಸಿ. ಕೋವಿಗೆ ಕೆನ್ನೆ ಒತ್ತಿದಾಗ ಮಫ್ ಸರಿಯಬಾರದು. ನಮ್ಮ ಮಳೆಗಾಲದ ತೇವಕ್ಕೆ ಬ್ಯಾಟರಿ ತುಕ್ಕು ಹಿಡಿಯುತ್ತದೆ, ಬಳಸದಾಗ ತೆಗೆದಿಡಿ.

ಬೇಟೆಯ ಮಾತು ಇಲ್ಲಿ ಬೇಡ. 1972ರ ವನ್ಯಜೀವಿ ಕಾಯ್ದೆಯಡಿ ಅದು ಅಪರಾಧ.